ಮ್ಯಾಪ್‌ಗೆ ರಸ್ತೆಯ ಸುದ್ದಿ ಮುಟ್ಟಿಸುವವರು ಯಾರು?

2024ರ ಡಿಸೆಂಬರಿನಲ್ಲಿ ಬಿಹಾರದ ಒಂದು ಕುಟುಂಬ ಕಾರಿನಲ್ಲಿ ಗೋವಾಕ್ಕೆ ಹೊರಟಿತ್ತು. ಬೆಳಗಾವಿ ಜಿಲ್ಲೆಯ ಖಾನಾಪುರದ ಹತ್ತಿರ ಗೂಗಲ್ ಮ್ಯಾಪ್ ಅವರನ್ನು ಶಿರೋಲಿ, ಹೆಮ್ಮಡಗಾ ಕಡೆಯ ಕಾಡುದಾರಿಗೆ ಇಳಿಸಿತು. ಭೀಮಗಡ ಅಭಯಾರಣ್ಯದ ಸೀಮೆ ಅದು. ಕಿಲೋಮೀಟರುಗಟ್ಟಲೆ ಒಳಗೆ ಹೋದ ಮೇಲೆ ಮೊಬೈಲ್ ನೆಟ್‌ವರ್ಕ್ ಹೋಯಿತು. ವಾಪಸ್ ಬರುವ ದಾರಿಯೂ ಗೊತ್ತಾಗಲಿಲ್ಲ. ರಾತ್ರಿಯೆಲ್ಲ ಕಾರಿನಲ್ಲೇ ಕುಳಿತರು. ಬೆಳಗ್ಗೆ ಸುಮಾರು ನಾಲ್ಕು ಕಿಲೋಮೀಟರ್ ನಡೆದು, ಸಿಗ್ನಲ್ ಸಿಕ್ಕ ಜಾಗದಿಂದ 112ಕ್ಕೆ ಕರೆ ಮಾಡಿದರು. ಆಮೇಲೆ ಪೊಲೀಸರು ಹೋಗಿ ಅವರನ್ನು ಕರೆತಂದರು.

ಇಂಥ ಸುದ್ದಿ ಬಂದಾಗ ಎರಡು ಮಾತು ಕೇಳಿಬರುತ್ತವೆ. ಜಿಪಿಎಸ್ ಕೈಕೊಟ್ಟಿತು ಅನ್ನುವುದು ಒಂದು. ಮ್ಯಾಪ್ ನಂಬಿಕೊಂಡು ಕಾಡಿಗೆ ನುಗ್ಗಿದ್ದು ಅವರದೇ ತಪ್ಪು ಅನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಉಪಗ್ರಹಗಳು ಆ ರಾತ್ರಿಯೂ ತಮ್ಮ ಕೆಲಸ ಮಾಡುತ್ತಲೇ ಇದ್ದವು. ಗೊತ್ತಿಲ್ಲದ ಸೀಮೆಯಲ್ಲಿ ಮ್ಯಾಪ್ ನಂಬಬೇಡಿ ಅಂತ ಈ ಕಾಲದಲ್ಲಿ ಹೇಳುವುದೂ ನ್ಯಾಯವಲ್ಲ. ಮತ್ತೇನು ನೋಡಿಕೊಂಡು ಹೋಗಬೇಕು? ಹೆದ್ದಾರಿ ಬಿಟ್ಟರೆ ನಮ್ಮ ಅನೇಕ ರಸ್ತೆಗಳಲ್ಲಿ ಊರಿನ ಹೆಸರಿನ ಬೋರ್ಡೇ ಇರುವುದಿಲ್ಲ.

ಎಡವಟ್ಟು ಇರುವುದು ಬೇರೆ ಕಡೆ. ನಾವು ಎಲ್ಲಿದ್ದೇವೆ ಅಂತ ಹೇಳಲು ಒಂದು ಅದ್ಭುತ ವ್ಯವಸ್ಥೆ ಇದೆ. ನಮ್ಮ ಮುಂದಿರುವ ರಸ್ತೆ ಇವತ್ತು ಹೇಗಿದೆ ಅಂತ ಹೇಳುವುದು ನಮ್ಮಲ್ಲಿ ಯಾರ ಕೆಲಸವೂ ಅಲ್ಲ. ಮ್ಯಾಪ್ ಮೇಲಿನ ಸಿಟ್ಟಿನಲ್ಲಿ ಈ ಎರಡನ್ನೂ ಕಲಸಿಬಿಡುತ್ತೇವೆ. ಬಿಡಿಸಿ ನೋಡಿದರೆ ಯಾರನ್ನು ಏನು ಕೇಳಬೇಕು ಅನ್ನುವುದು ತಿಳಿಯಾಗುತ್ತದೆ.

ಮೊದಲು ಉಪಗ್ರಹದ ವಿಷಯ ಮುಗಿಸೋಣ. ಜಿಪಿಎಸ್ ಅಮೆರಿಕ ಸರ್ಕಾರದ್ದು. ಸುಮಾರು 30 ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಅನ್ನುವುದನ್ನು ಅವು ಸಾರುತ್ತಲೇ ಇರುತ್ತವೆ. ನಮ್ಮ ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಸಿಗ್ನಲ್ ಬರಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಗಡಿಯಾರ ತಪ್ಪಿದರೂ ಲೆಕ್ಕ 300 ಮೀಟರ್ ಆಚೀಚೆ ಆಗುತ್ತದೆ. ಅಷ್ಟು ನಾಜೂಕಿನ ಕೆಲಸ ಅದು. 2000ನೇ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಸಿಗ್ನಲ್ ಅನ್ನು ಅಮೆರಿಕ ಬೇಕೆಂದೇ ಮಸುಕು ಮಾಡುತ್ತಿತ್ತು. ಆಗ ಸುಮಾರು 100 ಮೀಟರ್ ತಪ್ಪು ಬರುತ್ತಿತ್ತು. ಈಗ ಬಯಲಿನಲ್ಲಿ ನಿಂತರೆ ಸಾಧಾರಣ ಫೋನ್ ಕೂಡ ಸುಮಾರು 5 ಮೀಟರ್ ಒಳಗೆ ನಮ್ಮ ಜಾಗ ಹೇಳುತ್ತದೆ.

ಜಿಪಿಎಸ್‌ನಂತೆ ಜಾಗ ಹೇಳುವ ಭಾರತದ್ದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಬಂದರೆ ಈ ಕಷ್ಟ ತಪ್ಪುತ್ತದೆ ಅಂತ ಆಸೆ ಇಟ್ಟುಕೊಂಡವರಿದ್ದಾರೆ. ಇಸ್ರೋ 2013ರಲ್ಲಿ ಅದರ ಮೊದಲ ಉಪಗ್ರಹ ಹಾರಿಸಿತು. ಅದನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. 2023ರ ಮೇನಲ್ಲಿ ಹೋದ ಅದರ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರ ಇದೆ. ಹಳೆಯ ಕೆಲವು ಉಪಗ್ರಹಗಳ ಗಡಿಯಾರ ಕೆಟ್ಟಿದ್ದು, 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಗೊತ್ತುಮಾಡಿದ ಕಕ್ಷೆ ಸೇರದೆ ಹೋದದ್ದು ಬೇಸರದ ಸಂಗತಿ. ದೇಶದ ರಕ್ಷಣೆಗೆ ನಾವಿಕ್ ಬೇಕೇ ಬೇಕು. ಆದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ ಅಂತ ಅಮೆರಿಕದ ಉಪಗ್ರಹ ಹೇಗೆ ಹೇಳುವುದಿಲ್ಲವೋ, ಇಸ್ರೋದ ಉಪಗ್ರಹವೂ ಹೇಳುವುದಿಲ್ಲ. ಅದರ ಕೆಲಸ ಅದಲ್ಲ.

ಉಪಗ್ರಹದ ಕಡೆಯಿಂದ ನಿಜವಾಗಿ ತೊಂದರೆ ಆಗುವ ಜಾಗಗಳೂ ಇವೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಆಗ ಫೋನಿನ ಲೆಕ್ಕ ತಪ್ಪುತ್ತದೆ. ಜೊತೆಗೆ, ಜಿಪಿಎಸ್‌ಗೆ ಎಡಬಲ ತಿಳಿದಷ್ಟು ಚೆನ್ನಾಗಿ ಮೇಲುಕೆಳಗೆ ತಿಳಿಯುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಸುಮಾರು 10 ಕಿಲೋಮೀಟರ್ ಮೇಲ್ರಸ್ತೆಯನ್ನೇ ನೋಡಿ. ಮೇಲೊಂದು ರಸ್ತೆ, ಸರಿಯಾಗಿ ಅದರ ಕೆಳಗೊಂದು ರಸ್ತೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ 2024ರಲ್ಲಿ ತೆರೆದ ಡಬಲ್ ಡೆಕ್ಕರ್ ಫ್ಲೈಓವರ್‌ನಲ್ಲಿ ಇನ್ನೂ ಕಷ್ಟ. ನೆಲದ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೋ. ಮೇಲೆ ಹತ್ತಬೇಕೋ ಕೆಳಗೇ ಹೋಗಬೇಕೋ ಅನ್ನುವುದು ತಿಳಿಯುವಷ್ಟರಲ್ಲಿ ಕವಲು ದಾಟಿರುತ್ತದೆ. ಹಿಂದಿನ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ. ಒಂದು ಸಲ ತಪ್ಪಿದರೆ ಯು-ಟರ್ನ್ ಸಿಗಲು ಎಷ್ಟು ದೂರ ಹೋಗಬೇಕು ಅಂತ ಹೆಬ್ಬಾಳದಲ್ಲಿ ಸಿಕ್ಕಿಕೊಂಡವರಿಗೆ ಗೊತ್ತು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದೇ ತೊಂದರೆ ಅಡ್ಡಡ್ಡವಾಗಿ ಬರುತ್ತದೆ. ಮುಖ್ಯ ರಸ್ತೆಗೆ ತಾಗಿಕೊಂಡೇ ಸರ್ವೀಸ್ ರಸ್ತೆ. ನಡುವೆ ಬೇಲಿ. 5 ಮೀಟರ್ ತಪ್ಪು ಸಾಕು, ನೀವು ಬೇಲಿಯ ಯಾವ ಪಕ್ಕದಲ್ಲಿದ್ದೀರಿ ಅಂತ ಮ್ಯಾಪ್‌ಗೆ ಗೊತ್ತಾಗದಿರಲು. ಇಳಿಯುವ ಜಾಗ ತಪ್ಪಿದರೆ ಮುಂದಿನದಕ್ಕೆ ಹೋಗಿಯೇ ಬರಬೇಕು. 2023ರ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ. ಬೈಕಿನಲ್ಲಿ ಹೋಗುವವರು ಮ್ಯಾಪ್‌ನಲ್ಲಿ ಕಾರಿನ ದಾರಿಯನ್ನೇ ಹಾಕಿಕೊಂಡು ಬಂದರೆ ದಂಡ ಕಟ್ಟಬೇಕಾಗುತ್ತದೆ. ಇಂಥ ಕಡೆ ಫೋನಿಗಿಂತ ದೊಡ್ಡ ಅಕ್ಷರದ ಬೋರ್ಡು, ಅದೂ ಒಂದು ಕಿಲೋಮೀಟರ್ ಮೊದಲೇ ಇರುವ ಬೋರ್ಡು, ಜಾಸ್ತಿ ಉಪಯೋಗಕ್ಕೆ ಬರುತ್ತದೆ. 2024ರ ಜುಲೈನಲ್ಲಿ ಗೂಗಲ್ ನಮ್ಮ ದೇಶದ 40 ನಗರಗಳಲ್ಲಿ ಫ್ಲೈಓವರ್ ಹತ್ತಬೇಕೇ ಬೇಡವೇ ಅಂತ ಮೊದಲೇ ಹೇಳುವ ಸೌಲಭ್ಯ ತಂದಿತು. ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಕಾರಿಗೆ ಇಕ್ಕಟ್ಟಾದ ರಸ್ತೆಗಳನ್ನು ತಪ್ಪಿಸಿ ಕರೆದೊಯ್ಯುವುದಾಗಿಯೂ ಹೇಳಿತು. ನಮ್ಮ ರಸ್ತೆಗಳ ಸ್ವಭಾವ ಬೇರೆ ಅಂತ ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ತಡವಾದರೂ ಒಳ್ಳೆಯದೇ.

ಇನ್ನು ನೆಟ್‌ವರ್ಕ್. ಘಾಟಿಯಲ್ಲಿ "ಜಿಪಿಎಸ್ ಸಿಗ್ತಿಲ್ಲ" ಅಂತ ನಾವು ಹೇಳುವಾಗ ಬಹಳ ಸಲ ಸಿಗದೇ ಇರುವುದು ಮೊಬೈಲ್ ನೆಟ್‌ವರ್ಕ್. ಜಿಪಿಎಸ್‌ಗೆ ಸಿಮ್ ಬೇಡ, ಡೇಟಾ ಬೇಡ, ಆಕಾಶ ಕಂಡರೆ ಸಾಕು. ಡೇಟಾ ಬೇಕಾಗಿರುವುದು ಮ್ಯಾಪ್‌ನ ಚಿತ್ರಕ್ಕೆ ಮತ್ತು ದಾರಿ ಹುಡುಕುವುದಕ್ಕೆ. ಹಾಗಾಗಿ ಕಾಡಿನ ನಡುವೆ ಫೋನ್ ತೋರಿಸುವುದು ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ. ನಾವು ಎಲ್ಲಿದ್ದೇವೆ ಅಂತ ಫೋನಿಗೆ ಗೊತ್ತಿರುತ್ತದೆ, ಸುತ್ತ ಏನಿದೆ ಅಂತ ಗೊತ್ತಿರುವುದಿಲ್ಲ. ಮನೆಯಲ್ಲಿ ವೈಫೈ ಇರುವಾಗಲೇ ಆ ಜಿಲ್ಲೆಯ ಮ್ಯಾಪ್ ಅನ್ನು ಆಫ್‌ಲೈನ್ ಆಗಿ ಇಳಿಸಿಟ್ಟುಕೊಂಡರೆ ಈ ಒಂದು ಕಷ್ಟ ತಪ್ಪುತ್ತದೆ. ಇಷ್ಟು ಚಿಕ್ಕ ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ದಾರಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅಂತ ಆ್ಯಪ್ ತಾನೇ ಹೊರಡುವ ಮೊದಲು ದೊಡ್ಡದಾಗಿ ಎಚ್ಚರಿಸಬಹುದು. ಯಾವ ಜಾಗದಲ್ಲಿ ಫೋನ್‌ಗಳು ಸುಮ್ಮನಾಗಿಬಿಡುತ್ತವೆ ಅನ್ನುವುದನ್ನು ತಿಳಿದುಕೊಳ್ಳುವುದು ಇಂಥ ಕಂಪನಿಗಳಿಗೆ ಕಷ್ಟವಲ್ಲ.

ಈಗ ದಾರಿ ಆರಿಸುವ ವಿಚಾರ. ಆ್ಯಪ್ ನೋಡುವುದು ಮುಖ್ಯವಾಗಿ ಸಮಯ. ಯಾವ ದಾರಿಯಲ್ಲಿ ಬೇಗ ಮುಟ್ಟಬಹುದು ಅನ್ನುವ ಲೆಕ್ಕ. ಜನ ಓಡಾಡುವ ರಸ್ತೆಯಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ, ಯಾಕೆಂದರೆ ಅಲ್ಲಿ ಓಡುತ್ತಿರುವ ಫೋನ್‌ಗಳೇ ವೇಗ ಹೇಳುತ್ತವೆ. 2020ರಲ್ಲಿ ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅನ್ನುವ ಕಲಾವಿದರು ಒಂದು ಪುಟ್ಟ ಗಾಡಿಯಲ್ಲಿ 99 ಫೋನ್ ತುಂಬಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳೆದುಕೊಂಡು ನಡೆದರು. ಮ್ಯಾಪ್‌ನಲ್ಲಿ ಆ ರಸ್ತೆ ಕೆಂಪಾಯಿತು. ಟ್ರಾಫಿಕ್ ಸುದ್ದಿ ಎಲ್ಲಿಂದ ಬರುತ್ತದೆ ಅನ್ನುವುದು ಅದರಿಂದ ಎಲ್ಲರಿಗೂ ಅರ್ಥವಾಯಿತು.

ಆದರೆ ಯಾರೂ ಓಡಾಡದ ರಸ್ತೆಯಲ್ಲಿ? ಅಲ್ಲಿ ಹೇಳಲು ಫೋನ್‌ಗಳಿಲ್ಲ. ಅಂಥ ಕಡೆ ದಾರಿ ಹುಡುಕುವ ತಂತ್ರಾಂಶಗಳು ಸಾಮಾನ್ಯವಾಗಿ ರಸ್ತೆಯ ವರ್ಗ ನೋಡಿ ಒಂದು ವೇಗವನ್ನು ಅಂದಾಜು ಮಾಡಿಕೊಳ್ಳುತ್ತವೆ. ಹೊಂಡಬಿದ್ದ ಕಾಡುದಾರಿ, ಮಳೆಗೆ ಕೆಸರಾದ ತೋಟದ ದಾರಿ, ಎಲ್ಲವೂ ಆ ಅಂದಾಜಿನಲ್ಲಿ ಓಡಿಸಬಹುದಾದ ರಸ್ತೆಯೇ. ಟ್ರಾಫಿಕ್ ಇಲ್ಲದ್ದರಿಂದ ಅವು ಇನ್ನೂ ಬೇಗದ ದಾರಿಯಂತೆ ಕಾಣುತ್ತವೆ. ಹೆದ್ದಾರಿಗಿಂತ ಆರು ನಿಮಿಷ ಉಳಿಯುತ್ತದೆ ಅಂದರೆ ಸಾಕು, ಅತ್ತ ತಿರುಗಿಸುತ್ತದೆ. ಆ ಆರು ನಿಮಿಷಕ್ಕೆ ಎಷ್ಟು ತಿರುವು, ಎಷ್ಟು ಕತ್ತಲೆ, ಗಾಡಿ ಕೆಟ್ಟರೆ ಯಾರು ಸಿಗುತ್ತಾರೆ ಅನ್ನುವುದು ಲೆಕ್ಕದಲ್ಲೇ ಇರುವುದಿಲ್ಲ. ಕುಟುಂಬದ ಜೊತೆ ರಾತ್ರಿ ಹೊರಟವರಿಗೆ ಮುಖ್ಯವಾಗುವುದು ಇವೇ ಅಲ್ವಾ?

2024ರ ಮಾರ್ಚ್‌ನಲ್ಲಿ ಕೊಡಗಿನ ಒಂದು ಬೋರ್ಡಿನ ಫೋಟೊ ಎಲ್ಲೆಡೆ ಹರಿದಾಡಿತ್ತು. ಗೂಗಲ್ ಹೇಳುವುದು ತಪ್ಪು, ಈ ರಸ್ತೆ ಆ ರೆಸಾರ್ಟ್‌ಗೆ ಹೋಗುವುದಿಲ್ಲ ಅಂತ ಅಲ್ಲಿ ಬರೆದಿತ್ತು. ಜನ ಅದನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಮನೆಯ ಮುಂದೆ ದಿನವೂ ಗಾಡಿಗಳು ಬಂದು ನಿಂತು ದಾರಿ ಕೇಳಿ, ಹಿಂದೆ ತಿರುಗಿಸಲು ಜಾಗವಿಲ್ಲದೆ ಪರದಾಡುವುದನ್ನು ನೋಡಿ ಸಾಕಾದವರು ಮಾತ್ರ ಸ್ವಂತ ಖರ್ಚಿನಲ್ಲಿ ಬೋರ್ಡು ಹಾಕಿಸುತ್ತಾರೆ. ತಪ್ಪು ದಾರಿಯ ಕಷ್ಟ ಓಡಿಸುವವರಿಗೆ ಮಾತ್ರ ಅಲ್ಲ, ಆ ದಾರಿಯಲ್ಲಿ ಬದುಕುವವರಿಗೂ ಇದೆ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಅನ್ನುವ ಪುಟ್ಟ ಊರು ಇದೇ ಕಾಟಕ್ಕೆ ಬೇಸತ್ತು 2018ರ ಜನವರಿಯಲ್ಲಿ ಸುಮಾರು 60 ಬೀದಿಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು. ಬೆಂಗಳೂರಿನಲ್ಲಿ ಶಾಲೆಯ ಮುಂದಿನ ಇಕ್ಕಟ್ಟು ರಸ್ತೆಯಲ್ಲಿ ಬೆಳಗ್ಗೆ ಕ್ಯಾಬ್‌ಗಳ ಸಾಲು ನೋಡಿದವರಿಗೆ ಆ ಊರಿನ ಸಿಟ್ಟು ಅರ್ಥವಾಗುತ್ತದೆ.

ಇಲ್ಲಿಂದ ಮುಂದೆ ಬರುವುದೇ ನನ್ನ ಪ್ರಕಾರ ಮುಖ್ಯವಾದ ಸಂಗತಿ. 2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ ಹತ್ತಿರ, ರಾಮಗಂಗಾ ನದಿಯ ಅರ್ಧ ಸೇತುವೆಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಮದುವೆಗೆ ಹೊರಟಿದ್ದವರು ಅವರು. ಆ ಸೇತುವೆಯ ಒಂದು ಭಾಗ 2023ರಲ್ಲೇ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅಡ್ಡ ಹಾಕಿದ ಸರಿಯಾದ ತಡೆ ಇರಲಿಲ್ಲ. ಮ್ಯಾಪ್‌ನಲ್ಲೂ ರಸ್ತೆ ಹಾಗೇ ಇತ್ತು. ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳ ಮೇಲೆ ಪ್ರಕರಣ ದಾಖಲಿಸಿದರು, ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯನ್ನೂ ಅದರಲ್ಲಿ ಸೇರಿಸಿದರು.

ಎರಡೂ ಕಡೆಯ ಹೆಸರು ಒಂದೇ ದೂರಿನಲ್ಲಿ ಬಂದದ್ದು ಸರಿಯಾಗಿದೆ. ಸೇತುವೆ ಮುರಿದಿದೆ ಅಂತ ಇಲಾಖೆಗೆ ಗೊತ್ತಿತ್ತು. ಮುಚ್ಚುವ ಹೊಣೆ ಮೊದಲು ಅವರದು. ಎರಡು ಟಿಪ್ಪರ್ ಮಣ್ಣು ಸುರಿದಿದ್ದರೂ ಮೂರು ಜೀವ ಉಳಿಯುತ್ತಿತ್ತೇನೋ. ಆದರೆ ಕಂಪನಿಯನ್ನೂ ಅಷ್ಟು ಸುಲಭಕ್ಕೆ ಬಿಡಲಾಗದು. ನಮ್ಮ ಜೇಬಿನ ಫೋನ್‌ನಿಂದ ಅದು ಪ್ರತಿ ರಸ್ತೆಯ ವೇಗವನ್ನು ಅಳೆಯುತ್ತದೆ. ಹಾಗಾದರೆ ಒಂದು ಸೇತುವೆಯನ್ನು ತಿಂಗಳುಗಟ್ಟಲೆ ಒಂದೇ ಒಂದು ಫೋನ್ ಕೂಡ ದಾಟಿಲ್ಲ ಅನ್ನುವುದೂ ಅದರ ಕೈಯಲ್ಲಿರುವ ಮಾಹಿತಿಯೇ. ಮೊದಲು ಜನ ಓಡಾಡುತ್ತಿದ್ದ ದಾರಿಯಲ್ಲಿ ಇದ್ದಕ್ಕಿದ್ದಂತೆ ಓಡಾಟ ನಿಂತರೆ, ಬಂದವರೆಲ್ಲ ಒಂದೇ ಜಾಗದಿಂದ ಹಿಂದಿರುಗುತ್ತಿದ್ದರೆ, ಅಲ್ಲೇನೋ ಆಗಿದೆ ಅಂತ ಅರ್ಥ. ಹಳ್ಳಿಯ ರಸ್ತೆಯಲ್ಲಿ ಓಡಾಟ ಕಡಿಮೆ ಇರುವುದು ಸಹಜ, ಅದೊಂದನ್ನೇ ನೋಡಿ ರಸ್ತೆ ಮುಚ್ಚಿದೆ ಅನ್ನಲಾಗದು, ನಿಜ. ಆದರೆ "ಈ ದಾರಿಯಲ್ಲಿ ಇತ್ತೀಚೆಗೆ ಯಾವ ಗಾಡಿಯೂ ಹೋದದ್ದು ಕಂಡಿಲ್ಲ" ಅಂತ ಒಂದು ಸಾಲು ಹೇಳಬಹುದಲ್ಲ? ಟ್ರಾಫಿಕ್ ಇದ್ದರೆ ಕೆಂಪು ತೋರಿಸುವ ಆ್ಯಪ್, ತನಗೇ ಗೊತ್ತಿಲ್ಲದ ರಸ್ತೆಗೆ ಬೇರೆ ಬಣ್ಣ ತೋರಿಸಬೇಕು. ಈಗ ಗೊತ್ತಿದ್ದದ್ದು, ಅಂದಾಜು ಮಾಡಿದ್ದು, ಎರಡೂ ಒಂದೇ ನೀಲಿ ಗೆರೆ, ಒಂದೇ ಧೈರ್ಯದ ದನಿ.

ಜನ ತಿಳಿಸಿದರೂ ಕೇಳಿಸಿಕೊಳ್ಳುತ್ತಾರಾ ಅನ್ನುವುದು ಇನ್ನೊಂದು ಪ್ರಶ್ನೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಒಬ್ಬರು ಕುಸಿದ ಸೇತುವೆಯಿಂದ ಕಾರಿನ ಸಮೇತ ಬಿದ್ದು ಸತ್ತರು. ಆ ಸೇತುವೆ ಕುಸಿದದ್ದು 2013ರಲ್ಲಿ. ಅಲ್ಲಿನವರೊಬ್ಬರು 2020ರಲ್ಲೇ ಗೂಗಲ್‌ಗೆ ಈ ವಿಷಯ ತಿಳಿಸಿದ್ದರು, ಪರಿಶೀಲಿಸುತ್ತೇವೆ ಅನ್ನುವ ಉತ್ತರವೂ ಬಂದಿತ್ತು ಅಂತ ಕುಟುಂಬ ಹೂಡಿದ ದಾವೆ ಹೇಳುತ್ತದೆ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಕಡೆಗೆ ಬರೋಣ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ನಡುವೆ ಓಡಾಡುವವರ ಪಾಡು ಏನು? 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲದ ಹತ್ತಿರ ಕೊಚ್ಚಿಹೋಯಿತು. 2019ರಲ್ಲಿ ಚಾರ್ಮಾಡಿ ಜರಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ಶಿರಾಡಿ ಬಂದ್ ಆಯಿತು. ಆಗುಂಬೆಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳಿಗೆ ನಿರ್ಬಂಧ ಬರುತ್ತದೆ. ಹೀಗೆ ಒಂದು ಘಾಟಿ ಮುಚ್ಚಿದರೆ ಗಾಡಿಗಳು ಇನ್ನೊಂದಕ್ಕೆ ನುಗ್ಗುತ್ತವೆ, ಅಲ್ಲಿಯೂ ಜಾಮ್.

ಇದೆಲ್ಲದರ ಆದೇಶ ಹೊರಡಿಸುವುದು ಡಿಸಿ ಕಚೇರಿ. ಆ ಆದೇಶ ಹೇಗಿರುತ್ತದೆ? ಸಹಿ, ಸೀಲು ಇರುವ ಒಂದು ಕಾಗದ. ಯಾವ ವಾಹನಕ್ಕೆ ನಿಷೇಧ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಬದಲಿ ದಾರಿ ಯಾವುದು, ಎಲ್ಲವನ್ನೂ ಚೆನ್ನಾಗಿಯೇ ಬರೆದಿರುತ್ತಾರೆ. ಆಮೇಲೆ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಮರುದಿನ ಪೇಪರಿನಲ್ಲಿ ಬರುತ್ತದೆ. ಆ ಜಿಲ್ಲೆಯವರಿಗೆ ಗೊತ್ತಾಗುತ್ತದೆ. ರಾತ್ರಿ ಎಂಟಕ್ಕೆ ಬೆಂಗಳೂರು ಬಿಟ್ಟು ಕಾರಿನಲ್ಲಿ ಮಂಗಳೂರಿಗೆ ಹೊರಟವರಿಗೆ ಗೊತ್ತಾಗುವುದಿಲ್ಲ. ಫೋಟೊದಲ್ಲಿರುವ ಆದೇಶವನ್ನು ಮ್ಯಾಪ್ ಓದುವುದಿಲ್ಲ. ಎಷ್ಟೋ ಸಲ ನಾವು ನೋಡುವ ಫೋಟೊ ಹೋದ ವರ್ಷದ್ದೂ ಆಗಿರುತ್ತದೆ! ಆದೇಶ ವಾಪಸಾದದ್ದಂತೂ ಇನ್ನೂ ತಡವಾಗಿ ತಿಳಿಯುತ್ತದೆ.

ಹೆಸರುಗಳ ಗೊಂದಲವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೊಸಹಳ್ಳಿ, ಹೊಸೂರು, ಬಸವನಹಳ್ಳಿ ನಮ್ಮಲ್ಲಿ ಎಷ್ಟಿವೆಯೋ. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದೊಂದು 1ನೇ ಕ್ರಾಸ್. ತಾಲ್ಲೂಕಿನ ಹೆಸರು ನೋಡದೆ ಮೊದಲು ಬಂದ ಊರನ್ನು ಒತ್ತಿದರೆ ಬೇರೆ ಜಿಲ್ಲೆಗೇ ಹೋಗಿಬಿಡಬಹುದು. ಈಗೀಗ ಮದುವೆ ಕಾಗದದ ಜೊತೆ ಲೊಕೇಶನ್ ಕಳಿಸುವ ರೂಢಿ ಬಂದಿರುವುದು ಒಳ್ಳೆಯದು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ 10 ಅಕ್ಷರದ ಗುರುತು ಕೊಡುತ್ತದೆ. ಬಳಕೆಗೆ ಬಂದರೆ ಹಳ್ಳಿಯ ಒಂಟಿ ಮನೆಗೂ ಸರಿಯಾದ ವಿಳಾಸ ಸಿಗುತ್ತದೆ.

ಕಾನೂನು ಕೂಡ ಮ್ಯಾಪ್ ಬಳಕೆಯನ್ನು ಒಪ್ಪಿಕೊಂಡಿದೆ. ಓಡಿಸುವಾಗ ಫೋನ್ ಬಳಸುವಂತಿಲ್ಲ, ಆದರೆ ಗಮನ ತಪ್ಪದಂತೆ ದಾರಿ ನೋಡಿಕೊಳ್ಳಲು ಮಾತ್ರ ಬಳಸಬಹುದು ಅಂತ 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮದಲ್ಲೇ ಇದೆ. ಅಂದರೆ ಸರ್ಕಾರವೂ ಇದು ಜನರಿಗೆ ಬೇಕಾದ ಸಾಧನ ಅಂತ ಒಪ್ಪಿದೆ. ಹಾಗಿದ್ದ ಮೇಲೆ ಆ ಸಾಧನಕ್ಕೆ ಬೇಕಾದ ಸುದ್ದಿ ಕೊಡುವುದೂ ಸರ್ಕಾರದ ಕೆಲಸ ಆಗಬೇಕು.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ರಸ್ತೆ ಮುಚ್ಚುವ ಪ್ರತಿ ಆದೇಶದ ಜೊತೆ ನಾಲ್ಕು ವಿವರ ಇರಲಿ. ಮುಚ್ಚಿದ ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವ ಅಕ್ಷಾಂಶ ರೇಖಾಂಶ, ಯಾವ ವಾಹನ, ಯಾವ ಹೊತ್ತು, ಯಾವತ್ತಿನವರೆಗೆ. ಇದನ್ನು ರಾಜ್ಯದ ಒಂದೇ ವೆಬ್ ವಿಳಾಸದಲ್ಲಿ, ಕಂಪ್ಯೂಟರ್ ಓದುವ ರೂಪದಲ್ಲಿ ಹಾಕಲಿ. ಗೂಗಲ್, ಮ್ಯಾಪ್‌ಮೈಇಂಡಿಯಾ, ಓಲಾ ಮ್ಯಾಪ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ಅಲ್ಲಿಂದ ತೆಗೆದುಕೊಳ್ಳಲಿ. ತೆಗೆದುಕೊಂಡ ಮೇಲೂ ತೋರಿಸದಿದ್ದರೆ ಕಂಪನಿಯನ್ನು ಕೇಳಲು ನಮಗೊಂದು ದಾಖಲೆ ಇರುತ್ತದೆ. ಈಗ ಇಲಾಖೆ ಕಂಪನಿಯ ಕಡೆ ಕೈ ತೋರಿಸುತ್ತದೆ, ಕಂಪನಿ ತನ್ನ ಷರತ್ತುಗಳ ಕಡೆ ಕೈ ತೋರಿಸುತ್ತದೆ.

ಬಂಡೀಪುರದಿಂದ ಶುರು ಮಾಡಬಹುದು. ಗುಂಡ್ಲುಪೇಟೆಯಿಂದ ವಯನಾಡಿಗೆ, ಊಟಿಗೆ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಇಲ್ಲ ಅನ್ನುವ ನಿಯಮ 2009ರಲ್ಲಿ ಶುರುವಾದದ್ದು. ದಿನಾ ಬದಲಾಗುವಂಥದ್ದಲ್ಲ, ಒಂದು ಸಲ ಹಾಕಿದರೆ ಆಯಿತು. ಅದು ಸರಿಯಾಗಿ ನಡೆದರೆ ಮುಂದಿನ ಜೂನ್ ಒಳಗೆ ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ಹುಲಿಕಲ್ ಘಾಟಿಗಳನ್ನು ಸೇರಿಸಲಿ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು, ದಕ್ಷಿಣ ಕನ್ನಡ, ಉಡುಪಿ, ಈ ಆರು ಜಿಲ್ಲೆಗಳ ಡಿಸಿ ಕಚೇರಿಗಳಲ್ಲಿ ಆದೇಶ ಟೈಪ್ ಮಾಡುವವರೇ ಆ ನಾಲ್ಕು ವಿವರಗಳನ್ನೂ ತುಂಬಬಹುದು. ಹತ್ತು ನಿಮಿಷದ ಕೆಲಸ.